ನಡುಕ ರಸ್ತೆಯದೋ, ಗಾಡಿಯದೋ?

ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲ್ಲೂಕಿಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಎರಡು ಬಣ್ಣ. ದೂರದಲ್ಲಿ ಮೈಚಾಚಿ ಮಲಗಿದ ಮರಳುಗಲ್ಲಿನ ಗುಡ್ಡಗಳ ಕೆಂಪು, ಅವುಗಳ ಬುಡದಿಂದ ಹರಡಿಕೊಂಡ ಎರೆ ಹೊಲಗಳ ಕಪ್ಪು. ರಾಮದುರ್ಗ ಪಟ್ಟಣದ ಮಗ್ಗುಲಲ್ಲೇ ಮಲಪ್ರಭೆ ಹರಿಯುತ್ತಾಳೆ. ಭಾವೆ ಮನೆತನದವರು ಆಳಿದ ಈ ಪುಟ್ಟ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಗಿ, 1956ರಲ್ಲಿ ಕನ್ನಡ ನಾಡಿನ ಜೊತೆ ಒಂದಾಯಿತು. ಪಟ್ಟಣ ಬಿಟ್ಟು ಉತ್ತರದ ದಾರಿ ಹಿಡಿದರೆ ಸಿಗುವ ಊರುಗಳಲ್ಲಿ ಸಾಲಹಳ್ಳಿಯೂ ಒಂದು. ಜೋಳ, ಕಡಲೆ, ಗೋವಿನಜೋಳ, ನೀರಿದ್ದಲ್ಲಿ ಕಬ್ಬು, ಬೆಲೆಯ ಆಸೆ ಹುಟ್ಟಿದ ವರ್ಷ ಉಳ್ಳಾಗಡ್ಡಿ. ಇದು ಇಲ್ಲಿಯ ಬದುಕು.

ಈ ಸೀಮೆಯ ರಸ್ತೆಗಳಿಗೆ ಒಂದು ವಿಶೇಷವುಂಟು. ಹೊಸದಾಗಿ ಡಾಂಬರು ಹಾಕಿದ ರಸ್ತೆಯೂ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಅಲೆ ಅಲೆಯಾಗಿ ಏಳುತ್ತದೆ. ಇದಕ್ಕೆ ಗುತ್ತಿಗೆದಾರನನ್ನು ಮಾತ್ರ ಬೈದರೆ ಸಾಲದು. ಎರೆಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಬಿಸಿಲಿಗೆ ಬಿರಿದು ಕುಗ್ಗುತ್ತದೆ. ಅದರಲ್ಲಿರುವ ಸ್ಮೆಕ್ಟೈಟ್ ಜಾತಿಯ ಜೇಡಿ ಖನಿಜದ ಗುಣವೇ ಅದು. ಅಡಿಯ ನೆಲ ವರ್ಷಕ್ಕೊಮ್ಮೆ ಉಸಿರೆಳೆದು ಬಿಟ್ಟರೆ ಮೇಲಿನ ರಸ್ತೆ ಸುಮ್ಮನಿದ್ದೀತೆ? ಹೀಗಾಗಿ ಇಲ್ಲಿ ವಾಹನ ಓಡಿಸುವವನಿಗೆ ನಡುಕ ಎಂಬುದು ಹೊಸದಲ್ಲ. ಅವನಿಗೆ ದಿನವೂ ಏಳುವ ಪ್ರಶ್ನೆ ಒಂದೇ: ಈ ನಡುಕ ರಸ್ತೆಯದೋ, ಗಾಡಿಯದೋ?

ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಇಂದು ಹಳ್ಳಿಯ ಅರ್ಧ ಬದುಕು ಪಿಕಪ್ ಗಾಡಿಯ ಮೇಲೆ ನಡೆದಿದೆ. ಒಂದು ಕಾಲಕ್ಕೆ ಚಕ್ಕಡಿ ಮಾಡುತ್ತಿದ್ದ ಕೆಲಸವನ್ನೆಲ್ಲ ಅದು ಮಾಡುತ್ತದೆ. ಬೆಳಿಗ್ಗೆ ಹಾಲಿನ ಕ್ಯಾನು, ಮಧ್ಯಾಹ್ನ ಗೊಬ್ಬರದ ಚೀಲ, ಸಂಜೆ ಸಿಮೆಂಟು, ಲಗ್ನದ ಹಂಗಾಮಿನಲ್ಲಿ ಪೆಂಡಾಲಿನ ಕಂಬ, ಜಾತ್ರೆ ಬಂತೆಂದರೆ ಜನ. ಹೊಸ ಗಾಡಿ ಕೊಳ್ಳುವ ತಾಕತ್ತು ಎಲ್ಲರಿಗಿಲ್ಲ. ಎರಡನೆಯ ಕೈಯೋ, ಮೂರನೆಯ ಕೈಯೋ ದಾಟಿ ಬಂದ ಗಾಡಿಯೇ ಬಹಳ ಮಂದಿಗೆ ಗತಿ.

ದನದ ಪ್ಯಾಟಿಯ ಪಾಠ

ಈ ಭಾಗದ ರೈತ ಎತ್ತು ಕೊಳ್ಳುವುದನ್ನು ನೋಡಬೇಕು. ಖಿಲಾರಿ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಮೈಮೇಲಿನ ಸುಳಿ ನೋಡುತ್ತಾನೆ. ಗೊರಸು ಎತ್ತಿ ನೋಡುತ್ತಾನೆ. ಕೊನೆಗೆ ನಾಲ್ಕು ಹೆಜ್ಜೆ ನಡೆಸಿ, ಹಿಂದೆ ನಿಂತು, ಕಾಲು ಎಳೆಯುವುದೇನೋ ಎಂದು ಕಣ್ಣು ಕಿರಿದು ಮಾಡುತ್ತಾನೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಅವನಿಗೆ ಬಾಯಿಪಾಠ.

ಅದೇ ರೈತ ಹಳೆಯ ಗಾಡಿ ಕೊಳ್ಳುವಾಗ ಏನು ನೋಡುತ್ತಾನೆ? ಬಣ್ಣ, ಟೈರಿನ ಗೆರೆ, ಕಾಗದಪತ್ರ. ಎರಡು ಸಲ ಇಂಜಿನ್ ಚಾಲೂ ಮಾಡಿ ಹೊಗೆಯ ಬಣ್ಣ ನೋಡುತ್ತಾನೆ. ಗಾಡಿಯ ಕೆಳಗೆ ತೂರಿ ಮಲಗಿ ನೋಡುವವರು ಅಪರೂಪ. ಹೇರಿನೊಂದಿಗೆ ಒಮ್ಮೆ, ಖಾಲಿಯಾಗಿ ಒಮ್ಮೆ ಓಡಿಸಿ ನೋಡುವವರಂತೂ ಇನ್ನೂ ಅಪರೂಪ.

ಸಾಲಹಳ್ಳಿಯ ಕಡೆಯ ತರುಣ ರೈತನೊಬ್ಬ ಇಂಥದೇ ಒಂದು ಪಿಕಪ್ ತಂದ. ಕಂತಿನ ಸಾಲ, ಮೇಲೆ ಮನೆಯವರ ಬಂಗಾರ ಅಡವು. ಮೊದಲ ವಾರ ಎಲ್ಲ ಸರಿ ಇತ್ತು. ಎರಡನೆಯ ವಾರ ನಡುಕ ಬಂತು. ಬಂದದ್ದು ಹಾಗೆಯೇ ಉಳಿದಿದ್ದರೆ ಚಿಂತೆ ಇರಲಿಲ್ಲ, ಬಿಚ್ಚಿಸಿ ರಿಪೇರಿ ಮಾಡಿಸಬಹುದಿತ್ತು. ಇದು ಒಂದು ದಿನ ಬರುತ್ತದೆ, ಮೂರು ದಿನ ಮಾಯ. ಒಮ್ಮೆ ಸ್ಟೇರಿಂಗ್ ಕೈಯಲ್ಲಿ ಕುಣಿಯುತ್ತದೆ, ಇನ್ನೊಮ್ಮೆ ಸೀಟಿನ ಅಡಿ ಗುಂಯ್‌ಗುಡುತ್ತದೆ. ಗ್ಯಾರೇಜಿಗೆ ಒಯ್ದರೆ ವೈದ್ಯರ ಬಾಗಿಲಲ್ಲಿ ಮಾಯವಾಗುವ ಹಲ್ಲುನೋವಿನಂತೆ ಸುಮ್ಮನಾಗುತ್ತದೆ. ಊರಿನವರ ಸಲಹೆಗಳಿಗೆ ಬರವಿಲ್ಲ. ಒಬ್ಬರು ಟೈರು ಬದಲಿಸೆಂದರು, ಒಬ್ಬರು ಕ್ಲಚ್ ಎಂದರು, ಇನ್ನೊಬ್ಬರು ಗಾಡಿಗೆ ದೃಷ್ಟಿಯಾಗಿದೆ, ಲಿಂಬೆಹಣ್ಣು ಕಟ್ಟು ಎಂದರು. ಲಿಂಬೆಹಣ್ಣು ಕಟ್ಟಿದ್ದಾಯಿತು. ಎರಡು ಟೈರು ಬದಲಿಸಿದ್ದೂ ಆಯಿತು. ನಡುಕ ಹೋಗಲಿಲ್ಲ.

ಎಂಟು ದಿನದ ವಹಿ

ರಾಮದುರ್ಗದಲ್ಲಿ ಅವನಿಗೆ ಸಿಕ್ಕ ಹಿರಿಯ ಮಿಸ್ತ್ರಿ ಪಾನಾ ಕೈಗೆತ್ತಿಕೊಳ್ಳಲೇ ಇಲ್ಲ.

‘ಕಾಕಾ, ದಿನಾ ನಡಗೂದಿಲ್ರೀ. ನಿಮ್ಮ ಮುಂದ ತಂದ ಕೂಡ್ಲೆ ಸುಮ್ಮನಾಗತೈತಿ’ ಎಂದ ತರುಣ.

‘ಗಾಡಿ ಸುಳ್ಳ ಹೇಳಂಗಿಲ್ಲೋ ತಮ್ಮಾ. ಎಲ್ಲಿ ನಡಗ್ತು, ಎಷ್ಟ ಸ್ಪೀಡಿನ್ಯಾಗ ನಡಗ್ತು, ಹೇರ ಇತ್ತೋ ಖಾಲಿ ಇತ್ತೋ, ಮಳಿ ಆಗಿತ್ತೋ ಇಲ್ಲೋ, ಎಲ್ಲಾ ಒಂದ ವಹಿಯಾಗ ಬರಕೊಂಡ ಬಾ. ಎಂಟ ದಿನಾ ಆದಮ್ಯಾಲ ಗಾಡಿ ಬಿಚ್ಚೂಣು.’

ಬಂದು ಹೋಗುವ ದೋಷವನ್ನು ಹಿಡಿಯುವ ಸರಿಯಾದ ದಾರಿ ಇದೇ. ಗಾಡಿಯಲ್ಲಿ ತಿರುಗುವ ಭಾಗ ಹಲವು, ಒಂದೊಂದರ ವೇಗವೂ ಬೇರೆ. ಪಿಕಪ್ ಗಾಲಿಯ ಸುತ್ತಳತೆ ಎರಡು ಮೀಟರಿಗಿಂತ ತುಸು ಹೆಚ್ಚು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಅಂದರೆ ಗಾಲಿ ಸೆಕೆಂಡಿಗೆ ಏಳೆಂಟು ಸುತ್ತು ಹಾಕುತ್ತದೆ. ಗಾಲಿಯಲ್ಲಿ ದೋಷವಿದ್ದರೆ ಬರುವುದು ದಪ್ಪನೆಯ ನಡುಕ, ಥಡ್ ಥಡ್ ಎಂದು ಹೆಚ್ಚುಕಡಿಮೆ ಎಣಿಸಬಹುದಾದದ್ದು. ಇಂಜಿನ್ನಿನ ಬಲವನ್ನು ಹಿಂದಿನ ಗಾಲಿಗಳಿಗೆ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಗಾಲಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ತಿರುಗುತ್ತದೆ. ಸೆಕೆಂಡಿಗೆ ಮೂವತ್ತರ ಆಸುಪಾಸು. ಅದರ ದೋಷ ಎಣಿಕೆಗೆ ಸಿಗದ ಗುಂಯ್‌ಕಾರ. ಇಂಜಿನ್ನಿನ ನಡುಕಕ್ಕೆ ರಸ್ತೆಯ ವೇಗದ ಹಂಗಿಲ್ಲ. ನಿಂತಲ್ಲೇ ರೇಸ್ ಮಾಡಿದರೂ ಬರುತ್ತದೆ.

ಮೈಯಲ್ಲಿ ಎಲ್ಲಿ ತಾಗುತ್ತದೆ ಎಂಬುದೂ ಮುಖ್ಯ. ಕೈಗೆ, ಅಂದರೆ ಸ್ಟೇರಿಂಗಿನಲ್ಲಿ ತಾಗಿದರೆ ಮುಂದಿನ ಗಾಲಿಯ ಕಡೆ ನೋಡಬೇಕು. ಸೀಟಿಗೆ, ಕಾಲಡಿಯ ತಗಡಿಗೆ ತಾಗಿದರೆ ಹಿಂದಿನ ಗಾಲಿ ಅಥವಾ ಶಾಫ್ಟ್. ಬ್ರೇಕ್ ತುಳಿದಾಗ ಮಾತ್ರ ಬಂದರೆ ಡ್ರಮ್ ಅಥವಾ ಡಿಸ್ಕ್. ರಾತ್ರಿಯೆಲ್ಲ ಹೇರು ಹೊತ್ತು ನಿಂತ ಗಾಡಿಯ ಟೈರು ಒಂದು ಬದಿ ಚಪ್ಪಟೆಯಾಗಿ, ಬೆಳಿಗ್ಗೆ ಕೆಲವು ಕಿ.ಮೀ. ನಡುಗಿ, ಬಿಸಿಯಾದ ಮೇಲೆ ಸುಮ್ಮನಾಗುವುದೂ ಉಂಟು. ರಿಮೋಲ್ಡ್ ಮಾಡಿದ ಟೈರಿನ ಮೈ ಒಂದೆಡೆ ಉಬ್ಬಿದ್ದರೆ ಮಾತ್ರ ತಡ ಮಾಡಬಾರದು. ಅದು ಬಿಚ್ಚಿಕೊಳ್ಳುವ ಸೂಚನೆ.

ಗಾಲಿಗೆ ಅಂಟಿದ ಹೊಲ

ಎಂಟು ದಿನದ ವಹಿಯಲ್ಲಿ ನಡುಕ ಕಂಡದ್ದು ಐದು ಸಲ. ಮಿಸ್ತ್ರಿ ಅದನ್ನು ಎರಡು ಸಲ ಓದಿಸಿಕೊಂಡು, ಐದನ್ನು ಎರಡು ಗುಂಪು ಮಾಡಿದ. ಎರಡು ಸಲ ನಡುಕ ಬಂದದ್ದು ಕೈಗೆ, ಮೂರು ಸಲ ಬಂದದ್ದು ಸೀಟಿಗೆ. ‘ಇದು ಒಂದ ಬ್ಯಾನಿ ಅಲ್ಲ ತಮ್ಮಾ, ಎರಡು’ ಎಂದ.

ಕೈಗೆ ತಾಗಿದ ಎರಡು ದಿನವೂ ಹಿಂದಿನ ರಾತ್ರಿ ಮಳೆಯಾಗಿತ್ತು. ಎರಡು ದಿನವೂ ಗಾಡಿ ಹೊಲಕ್ಕಿಳಿದು ಮಾಲು ತುಂಬಿಕೊಂಡು ಯರಗಟ್ಟಿಯ ಕಡೆಗೆ ಹೊರಟಿತ್ತು. ಊರಿನ ಕಚ್ಚಾ ದಾರಿಯಲ್ಲಿ ಏನೂ ಇಲ್ಲ. ದೊಡ್ಡ ರಸ್ತೆಗೆ ಹತ್ತಿ ವೇಗ ಏರಿದ ಕೂಡಲೇ ಸ್ಟೇರಿಂಗ್ ಕುಣಿತ. ಮರುದಿನ ಬಿಸಿಲು ಬಿದ್ದ ಮೇಲೆ ಮಾಯ.

ಎರೆಮಣ್ಣಿನ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಸಿ ಎರೆಯಲ್ಲಿ ನಡೆದವರ ಚಪ್ಪಲಿ ಹತ್ತು ಹೆಜ್ಜೆಗೆ ಒಂದೊಂದು ಸೇರು ಭಾರವಾಗುತ್ತದೆ. ಅದೇ ಮಣ್ಣು ಗಾಲಿಯ ರಿಮ್ಮಿನ ಒಳಮಗ್ಗುಲಿಗೆ, ಹೊರಗಿನಿಂದ ಕಾಣದ ಕಡೆ, ಒಂದೇ ಬದಿಗೆ ಮೆತ್ತಿಕೊಳ್ಳುತ್ತದೆ. ನೂರು ಗ್ರಾಂ ಮಣ್ಣು ಎಂದರೆ ಎಷ್ಟು ಮಹಾ ಎನ್ನಬೇಡಿ. ಗಾಲಿಯ ನಡುವಿನಿಂದ ಒಂದು ಗೇಣು ದೂರದಲ್ಲಿ ಅಂಟಿದ ನೂರು ಗ್ರಾಂ, 60 ಕಿ.ಮೀ. ವೇಗದಲ್ಲಿ ನಾಲ್ಕೂವರೆ ಕೆ.ಜಿ. ತೂಕದಷ್ಟು ಬಲದಿಂದ ಗಾಲಿಯನ್ನು ಜಗ್ಗುತ್ತದೆ. ವೇಗ 80ಕ್ಕೆ ಏರಿದರೆ ಅದು ಎಂಟು ಕೆ.ಜಿ. ದಾಟುತ್ತದೆ. ಅದೂ ಸೆಕೆಂಡಿಗೆ ಹತ್ತು ಸಲ, ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ. ಬಿಸಿಲಿಗೆ ಮಣ್ಣು ಬಿರಿದು ಉದುರಿದ ಮೇಲೆ ನಡುಕವೂ ಉದುರುತ್ತದೆ. ಟೈರು ಬದಲಿಸಿದ್ದು ವ್ಯರ್ಥವಾದದ್ದು ಇದಕ್ಕೇ. ರೋಗ ಟೈರಿನದಲ್ಲ, ಗಾಲಿಗೆ ಅಂಟಿ ಬಂದ ಹೊಲದ್ದು.

ಔಷಧವೂ ಅಷ್ಟೇ ಸರಳ. ಹೊಲದಿಂದ ರಸ್ತೆಗೆ ಬಂದ ಮೇಲೆ ಗಾಡಿ ನಿಲ್ಲಿಸಿ, ನಾಲ್ಕೂ ಗಾಲಿಯ ಒಳಮೈ ಕಟ್ಟಿಗೆಯಿಂದ ಕೆರೆಯುವುದು. ಆಗಲೇ ಗಾಲಿಯ ನಟ್ಟುಗಳ ಮೇಲೂ ಒಮ್ಮೆ ಕೈಯಾಡಿಸುವುದು.

ಖಾಲಿ ಗಾಡಿಯ ಕುಣಿತ

ಎರಡನೆಯ ಬೇನೆ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಸೀಟಿಗೆ ತಾಗಿದ ಮೂರು ಸಲವೂ ಗಾಡಿ ರಾಮದುರ್ಗದಲ್ಲಿ ಮಾಲು ಇಳಿಸಿ ಖಾಲಿಯಾಗಿ ಊರಿಗೆ ಮರಳುತ್ತಿತ್ತು. ಹೋಗುವಾಗ ಮೈತುಂಬ ಹೇರು, ಅದೇ ರಸ್ತೆ, ಅದೇ ವೇಗ, ಆದರೆ ನಡುಕವಿಲ್ಲ. ಬರುವಾಗ ಖಾಲಿ, 50 ದಾಟಿದ ಕೂಡಲೇ ಕಾಲಡಿ ಗುಂಯ್. ಆಕ್ಸಿಲರೇಟರ್ ಒತ್ತಿದರೆ ಹೆಚ್ಚು, ಬಿಟ್ಟರೆ ಕಡಿಮೆ. ನಿಂತಲ್ಲಿಂದ ಹೊರಡುವಾಗ ‘ಟಕ್’ ಎಂಬ ಸದ್ದು.

‘ಹೇರಿದಾಗ ಸುಮ್ಮನಿರತೈತಿ, ಖಾಲಿ ಇದ್ದಾಗ ಕುಣಿತೈತಿ. ಇದೆಂಥಾ ಗಾಡಿರೀ ಕಾಕಾ?’

ಹೋಗಿ ಬರುವ ದಾರಿ ಒಂದೇ ಆದ್ದರಿಂದ ರಸ್ತೆಯ ಮೇಲಿನ ಅನುಮಾನ ಅಲ್ಲಿಗೇ ಮುಗಿಯಿತು. ಮಿಸ್ತ್ರಿ ಇನ್ನೊಂದು ಪರೀಕ್ಷೆ ಹೇಳಿದ. ನೆಟ್ಟಗಿನ ದಾರಿ, ಹಿಂದೆ ಮುಂದೆ ಯಾರೂ ಇಲ್ಲದಾಗ, ನಡುಕ ಬರುವ ವೇಗದಲ್ಲಿ ಗಿಯರನ್ನು ನ್ಯೂಟ್ರಲಿಗೆ ತಂದು ನೋಡುವುದು. ಇಂಜಿನ್ನನ್ನು ಮಾತ್ರ ಬಂದ್ ಮಾಡಬಾರದು, ಮಾಡಿದರೆ ಬ್ರೇಕ್ ಬಿಗಿಯಾಗುತ್ತದೆ. ಇಂಜಿನ್ನಿನ ದೋಷವಾದರೆ ಇಂಜಿನ್ ಇಳಿದ ಕೂಡಲೇ ನಡುಕ ನಿಲ್ಲಬೇಕು. ಇಲ್ಲಿ ತುಸು ತಗ್ಗಿತು, ಆದರೆ ನಿಲ್ಲಲಿಲ್ಲ. ವೇಗ ಇಳಿದಂತೆ ಮೆಲ್ಲಗೆ ಸತ್ತಿತು. ಅಂದರೆ ದೋಷ ಗಿಯರ್ ಪೆಟ್ಟಿಗೆಯ ಹಿಂದೆ, ರಸ್ತೆಯ ವೇಗದೊಂದಿಗೆ ತಿರುಗುವ ಯಾವುದೋ ಭಾಗದಲ್ಲಿ.

ಕರಿ ಮಣ್ಣಿನಲ್ಲಿ ಕೆಂಪು ಪುಡಿ

ಗಾಲಿಗಳಿಗೆ ಕಲ್ಲು ಕೊಟ್ಟು, ಗಾಡಿಯ ಕೆಳಗೆ ಗೋಣಿತಟ್ಟು ಹಾಸಿ ಮಿಸ್ತ್ರಿ ಅಂಗಾತ ಮಲಗಿದ. ಮೊದಲು ನೋಡಿದ್ದು ಶಾಫ್ಟನ್ನಲ್ಲ, ಹಿಂದಿನ ಕಮಾನು ಪಟ್ಟಿಗಳನ್ನು. ಎರಡೂ ಬದಿಗೆ ಒಂದೊಂದು ಪಟ್ಟಿ ಹೆಚ್ಚಿಗೆ ಇತ್ತು. ಕಾರ್ಖಾನೆಯಿಂದ ಬಂದದ್ದಲ್ಲ, ಹಿಂದಿನ ಮಾಲೀಕ ಹಾಕಿಸಿದ್ದು. ಒಂದೂವರೆ ಟನ್ನಿನ ಆಸುಪಾಸು ಹೊರಲು ಮಾಡಿದ ಗಾಡಿಯ ಮೇಲೆ ಅದಕ್ಕಿಂತ ಬಹಳ ಹೆಚ್ಚು ಹೇರಬೇಕೆನ್ನುವವರು ಮಾಡುವ ಉಪಾಯ ಇದು. ಕಲ್ಲು, ಕಬ್ಬು, ಸಿಮೆಂಟು ಹೊತ್ತರೂ ಗಾಡಿ ಹಿಂದೆ ಕುಸಿಯುವುದಿಲ್ಲ, ನೋಡಿದವರಿಗೆ ಹೇರು ಹೆಚ್ಚೆಂದು ತಿಳಿಯುವುದಿಲ್ಲ.

ಒಗಟು ಬಿಡಿಸಿಕೊಂಡದ್ದು ಅಲ್ಲಿ. ಗಿಯರ್ ಪೆಟ್ಟಿಗೆ ಮೇಲೆ, ಹಿಂದಿನ ಹೌಸಿಂಗ್ ಕೆಳಗೆ. ಇವೆರಡರ ನಡುವೆ ಶಾಫ್ಟ್ ಓರೆಯಾಗಿಯೇ ತಿರುಗಬೇಕು. ಓರೆಯಲ್ಲಿ ತಿರುಗಲು ಅದರ ತುದಿಗಳಲ್ಲಿ ಕೂಡಿಸಿದ ಅಧಿಕ ಚಿಹ್ನೆಯಾಕಾರದ ಕೀಲಿಗೆ ಗ್ಯಾರೇಜುಗಳಲ್ಲಿ ‘ಕ್ರಾಸ್’ ಎನ್ನುತ್ತಾರೆ. ಹದಿನಾರನೆಯ ಶತಮಾನದ ಇಟಲಿಯ ಕಾರ್ಡಾನೊ, ಹದಿನೇಳನೆಯ ಶತಮಾನದ ಇಂಗ್ಲೆಂಡಿನ ರಾಬರ್ಟ್ ಹುಕ್ ಇಬ್ಬರ ಹೆಸರೂ ಈ ಕೀಲಿಗೆ ಅಂಟಿಕೊಂಡಿದೆ. ಇದಕ್ಕೊಂದು ಚಟವುಂಟು. ಓರೆಯಾಗಿ ತಿರುಗುವಾಗ ಅದು ಪ್ರತಿ ಸುತ್ತಿಗೆ ಎರಡು ಸಲ ತುಸು ವೇಗವಾಗಿ, ಎರಡು ಸಲ ತುಸು ನಿಧಾನವಾಗಿ ತಿರುಗಿಸುತ್ತದೆ. ಎರಡು ತುದಿಯ ಕೀಲುಗಳು ಸರಿ ಜೋಡಿಯಾಗಿದ್ದರೆ ಒಂದರ ಏರನ್ನು ಇನ್ನೊಂದರ ಇಳಿವು ನುಂಗುತ್ತದೆ. ಓರೆ ಹೆಚ್ಚಾದಷ್ಟೂ ಈ ಏರಿಳಿತ ಹೆಚ್ಚು. ಹೆಚ್ಚಿನ ಪಟ್ಟಿ ಹಾಕಿದ್ದರಿಂದ ಖಾಲಿ ಗಾಡಿಯ ಬೆನ್ನು ಎದ್ದು ನಿಂತಿತ್ತು, ಶಾಫ್ಟಿನ ಓರೆ ಮಿತಿ ಮೀರಿತ್ತು. ಹೇರು ಬಿದ್ದಾಗ ಪಟ್ಟಿ ತಗ್ಗಿ, ಓರೆ ಕಡಿಮೆಯಾಗಿ, ನಡುಕ ಅಡಗುತ್ತಿತ್ತು.

ಆದರೆ ಬರಿಯ ಓರೆ ಇಷ್ಟು ಕುಣಿಸಲಾರದು. ಮಿಸ್ತ್ರಿ ಶಾಫ್ಟನ್ನು ಎರಡೂ ಕೈಯಿಂದ ಹಿಡಿದು ಹಿಂದಕ್ಕೂ ಮುಂದಕ್ಕೂ ತಿರುವಿದ. ಕ್ರಾಸ್ ಕೂಡಿದಲ್ಲಿ ಸಣ್ಣ ಸಡಿಲು. ಅದರ ಬಟ್ಟಲಿನ ಅಂಚಿಗೆ ಬೆರಳು ಸವರಿ ತರುಣನಿಗೆ ತೋರಿಸಿದ. ಸುತ್ತಲಿನ ಕರಿ ಮಣ್ಣಿನ ನಡುವೆ ಬೆರಳ ತುದಿಯಲ್ಲಿ ಕೆಂಪು ಪುಡಿ.

‘ಈ ಸೀಮಿಯೊಳಗ ಎಲ್ಲಾ ಧೂಳಾ ಕರೀದು. ಕೆಂಪ ಪುಡಿ ಕಂಡ್ರ ಅದು ರಸ್ತೇದಲ್ಲ, ಕಬ್ಬಿಣದ್ದು.’

ಗ್ರೀಸ್ ಒಣಗಿದ ಕೀಲಿನೊಳಗಿನ ಸೂಜಿ ಬೇರಿಂಗುಗಳು ತುಕ್ಕು ಹಿಡಿದು ಪುಡಿಯಾಗಿ ಹೊರಗೆ ಬರುತ್ತವೆ. ಅದೇ ಆ ಕೆಂಪು. ಚಕ್ಕಡಿಯ ಕಾಲದಲ್ಲಿ ಕೀಲೆಣ್ಣೆ ಹಾಕದೆ ಅಚ್ಚು ಹೊರಡುತ್ತಿರಲಿಲ್ಲ. ಪಿಕಪ್ ಬಂದ ಮೇಲೆ ಕೀಲೆಣ್ಣೆಯ ಶಿಸ್ತು ಮರೆತುಹೋಯಿತು. ಇನ್ನೊಂದು ಮಾತೂ ಉಂಟು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗಕ್ಕೂ ನದಿದಂಡೆಯ ಊರುಗಳಿಗೂ ನೀರು ನುಗ್ಗಿತ್ತು. ಇಂಥ ನೆರೆಯಲ್ಲಿ ನಿಂತ ಗಾಡಿಗಳ ಕೀಲು, ಬೇರಿಂಗುಗಳ ಗ್ರೀಸನ್ನು ನೀರು ಕೆಡಿಸಿಬಿಡುತ್ತದೆ. ಮೇಲೆ ಹೊಸ ಬಣ್ಣ ಬಳಿದರೆ ಒಳಗಿನ ತುಕ್ಕು ಕಾಣುವುದಿಲ್ಲ. ನದಿದಂಡೆಯ ಊರಿನಿಂದ ಹಳೆಯ ಗಾಡಿ ತರುವವರು ಅಡಿಯನ್ನು ನೋಡಿಯೇ ತರಬೇಕು.

ಶಾಫ್ಟ್ ಕಳಚುವ ಮುನ್ನ ಮಿಸ್ತ್ರಿ ಕೂಡುಗಳ ಎರಡೂ ಬದಿಗೆ ಉಳಿಯಿಂದ ಒಂದೊಂದು ಗುರುತು ಹೊಡೆದ. ತೆಗೆದ ಹಾಗೆಯೇ ಕೂಡಿಸದೆ ಒಂದೆರಡು ಹಲ್ಲು ತಪ್ಪಿಸಿ ಕೂಡಿಸಿದರೆ ಎರಡು ಕೀಲುಗಳ ಜೋಡಿ ತಪ್ಪುತ್ತದೆ, ಹೊಸ ಕ್ರಾಸ್ ಹಾಕಿದರೂ ಹೊಸ ನಡುಕ ಹುಟ್ಟುತ್ತದೆ. ಅವಸರದ ಗ್ಯಾರೇಜುಗಳಲ್ಲಿ ತಪ್ಪುವುದು ಇದೇ.

ಎರಡು ಪಟ್ಟಿಯ ಲೆಕ್ಕ

ಹೊಸ ಕ್ರಾಸ್ ಕೂಡಿತು, ಗ್ರೀಸ್ ತುಂಬಿತು. ಉಳಿದದ್ದು ಹೆಚ್ಚಿನ ಎರಡು ಪಟ್ಟಿಗಳ ಮಾತು. ತೆಗೆಯಬೇಕೆಂದು ಮಿಸ್ತ್ರಿ. ತರುಣ ಗಲ್ಲಕ್ಕೆ ಕೈ ಹಚ್ಚಿ ಕುಳಿತ. ಪಟ್ಟಿ ಇದ್ದರೆ ಒಂದು ಖೇಪಿಗೆ ಹತ್ತಿಪ್ಪತ್ತು ಚೀಲ ಹೆಚ್ಚು, ಅಷ್ಟು ಬಾಡಿಗೆಯೂ ಹೆಚ್ಚು. ಕಂತು ಕಟ್ಟುವವನಿಗೆ ಅದು ಸಣ್ಣ ಮಾತಲ್ಲ. ಆ ಲೆಕ್ಕದ ಮೇಲೆಯೇ ಅವನು ಗಾಡಿ ತಂದದ್ದು.

ಮಿಸ್ತ್ರಿ ಹೇಳಿದ್ದು ಬೇರೆ ಲೆಕ್ಕ. ಒಣಗಿದ ಕ್ರಾಸ್ ಓಡುವಾಗ ತುಂಡಾದರೆ ಶಾಫ್ಟ್ ಕಳಚುತ್ತದೆ. ಹಿಂದಿನ ತುದಿ ಕಳಚಿದರೆ ನೆಲಕ್ಕೆ ಉಜ್ಜುತ್ತ ಎಳೆದುಕೊಂಡು ಹೋಗುತ್ತದೆ. ಮುಂದಿನ ತುದಿ ಕಳಚಿ ರಸ್ತೆಗೆ ನಾಟಿದರೆ ಗಾಡಿಯನ್ನೇ ಎತ್ತಿ ಒಗೆಯಬಲ್ಲದು. ಹಿಂದೆ ಇರುವುದು ಉಳ್ಳಾಗಡ್ಡಿಯಾದರೆ ಹೋಗಲಿ. ಜನರಾದರೆ?

ಈ ಸೀಮೆಯಲ್ಲಿ ಆ ಪ್ರಶ್ನೆಗೆ ತೂಕವಿದೆ. ಹೊಸ್ತಿಲ ಹುಣ್ಣಿಮೆಗೆ ಗೊಡಚಿಯ ವೀರಭದ್ರನ ಜಾತ್ರೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಸವದತ್ತಿಯ ಎಲ್ಲಮ್ಮನ ಗುಡ್ಡ. ಸರಕಿನ ಗಾಡಿಯಲ್ಲಿ ಜನರನ್ನು ಒಯ್ಯಬಾರದೆಂದು ಕಾಯ್ದೆ ಇದೆ. ಆದರೂ ಹುಣ್ಣಿಮೆ ಬಂತೆಂದರೆ ಪಿಕಪ್ಪುಗಳ ಹಿಂದೆ ತಾಯಂದಿರು, ಮಕ್ಕಳು, ಬುತ್ತಿಯ ಗಂಟು. 2023ರ ಜನವರಿಯ ಮೊದಲ ವಾರ, ಬನದ ಹುಣ್ಣಿಮೆಯ ಮುಂಚೆ, ಇದೇ ತಾಲ್ಲೂಕಿನ ಹುಲಕುಂದದಿಂದ ಎಲ್ಲಮ್ಮನ ದರ್ಶನಕ್ಕೆ ಹೊರಟವರಿದ್ದ ಸರಕಿನ ವಾಹನ ಚುಂಚನೂರಿನ ಬಳಿ ಆಲದ ಮರಕ್ಕೆ ಅಪ್ಪಳಿಸಿ ಆರು ಮಂದಿ ಜೀವ ಕಳೆದುಕೊಂಡರು. ಇಂಥ ಗಾಡಿಯ ಹಿಂದೆ ಕೂತವರಿಗೆ ಸೀಟಿಲ್ಲ, ಹಿಡಿದುಕೊಳ್ಳಲು ಆಸರೆಯಿಲ್ಲ. ಚಾಲಕನ ಒಂದು ಕ್ಷಣದ ತಪ್ಪಾಗಲಿ, ಗಾಡಿಯ ಒಂದು ಕೀಲಿನ ಸಡಿಲಾಗಲಿ, ಅದರ ಬೆಲೆ ತೆರುವವರು ಅವರು.

ತರುಣ ಕೊನೆಗೆ ಪಟ್ಟಿ ತೆಗೆಸಿದ. ಇನ್ನು ಉಳ್ಳಾಗಡ್ಡಿಯ ಹಂಗಾಮಿನಲ್ಲಿ ಎರಡು ಖೇಪಿನ ಕೆಲಸಕ್ಕೆ ಮೂರು ಖೇಪು ಹೊಡೆಯಬೇಕು, ಡೀಸೆಲ್ಲಿನ ಖರ್ಚು ಹೆಚ್ಚು. ಮನೆಯಲ್ಲಿ ಅಡವಿಟ್ಟ ಬಂಗಾರ ಬಿಡಿಸಿಕೊಳ್ಳುವುದು ಇನ್ನೂ ಕೆಲವು ತಿಂಗಳು ಮುಂದೆ ಹೋಯಿತು. ಜಾತ್ರೆಗೆ ಬಾಡಿಗೆ ಕೇಳಿ ಬಂದ ಓಣಿಯವರಿಗೆ, ಸಾಮಾನು ಹೇರ್ರಿ, ಜನ ಬಸ್ಸಿಗೆ ಬರ್ರಿ ಎಂದು ಹೇಳಬೇಕಾಯಿತು. ನಾಲ್ಕು ಮಂದಿ ಸಿಟ್ಟಾದರು. ಅವನ ತಾಯಿ ಮಾತ್ರ ತಾನೂ ಬಸ್ಸಿಗೇ ಹೋಗುವುದಾಗಿ ಹೇಳಿ ಓಣಿಯವರ ಬಾಯಿ ಕಟ್ಟಿದಳು.

ಹಳೆಯ ಗಾಡಿ ಕೊಂಡವನಿಗೆ ಹಿಂದಿನವನ ಆಸೆಯೂ ಗಾಡಿಯ ಜೊತೆಯೇ ಬರುತ್ತದೆ. ಎಷ್ಟು ಹೇರಿದ್ದ, ಯಾವ ನೀರಿನಲ್ಲಿ ನಿಲ್ಲಿಸಿದ್ದ, ಎಷ್ಟು ವರ್ಷ ಕೀಲೆಣ್ಣೆ ಮರೆತಿದ್ದ ಎಂಬುದನ್ನು ಕಾಗದಪತ್ರ ಹೇಳುವುದಿಲ್ಲ, ನಡುಕ ಹೇಳುತ್ತದೆ. ಅದನ್ನು ಓದಿಕೊಳ್ಳಲು ದೊಡ್ಡ ಯಂತ್ರವೇನೂ ಬೇಡ. ಒಂದು ವಹಿ, ಎಂಟು ದಿನದ ತಾಳ್ಮೆ, ಗೊತ್ತಿರುವ ಒಂದು ರಸ್ತೆ ಇದ್ದರೆ ಸಾಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಟೈರನ್ನೂ ಕ್ಲಚ್ಚನ್ನೂ ಒಟ್ಟಿಗೆ ಬದಲಿಸಿದವನಿಗೆ ನಡುಕ ನಿಂತರೂ ಯಾವುದರಿಂದ ನಿಂತಿತೆಂದು ತಿಳಿಯುವುದಿಲ್ಲ.

ಆ ವಹಿ ಈಗಲೂ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿದೆ. ಗ್ರೀಸ್ ಹಾಕಿಸಿದ ದಿನ, ಗಾಲಿ ಬದಲಿಸಿದ ದಿನ ಎಲ್ಲ ಅದರಲ್ಲುಂಟು. ಮಳೆಗಾಲ ಕಳೆದ ಮೇಲೆ ಎರೆ ಉಬ್ಬಿ ಇಳಿದು ರಸ್ತೆಯಲ್ಲಿ ಹೊಸ ಅಲೆಗಳು ಎದ್ದಾಗ ಗಾಡಿ ಮತ್ತೆ ಕುಲುಕಾಡುತ್ತದೆ. ಅಂಥ ದಿನ ಊರಿನ ಹೆಸರು, ವೇಗ, ಹೇರು ಬರೆದು, ಮುಂದಿನ ಸಾಲಿನಲ್ಲಿ ಅವನು ನಿಶ್ಚಿಂತೆಯಿಂದ ಬರೆಯುತ್ತಾನೆ: ‘ರಸ್ತೇದು.’